ಸ್ಟೈನರ್ ರಸ್ತೆಯ ಮನೆಯೂ ಕಂದು ಬಣ್ಣದ ಟಾರ್ಪಾಲೂ

2024ರ ಡಿಸೆಂಬರಿನಲ್ಲಿ ಅಮ್ಮ ಮೈಸೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಾಗ, ಅವಳು ನೋಡಲೇಬೇಕೆಂದು ಬರೆದುಕೊಂಡಿದ್ದ ಜಾಗಗಳಲ್ಲಿ ಗೋಲ್ಡನ್ ಗೇಟ್ ಸೇತುವೆಗಿಂತ ಮೇಲೆ ಒಂದು ಮನೆಯಿತ್ತು. ಕಮಲ್ ಹಾಸನ್ ಹೆಂಗಸಿನ ವೇಷ ತೊಟ್ಟು ಸ್ವಂತ ಮಗಳನ್ನು ನೋಡಿಕೊಳ್ಳುವ ಆಯಾ ಆಗಿ ಬರುವ ‘ಅವ್ವೈ ಷಣ್ಮುಗಿ’ಯನ್ನು ಅವಳು 1996ರಲ್ಲಿ ಅಕ್ಕಪಕ್ಕದವರ ಜೊತೆ ಹೋಗಿ ಎರಡು ಸಲ ನೋಡಿ ಬಂದಿದ್ದಳು. ಮರುವರ್ಷ ಅದೇ ಕಥೆ ಹಿಂದಿಯಲ್ಲಿ ‘ಚಾಚಿ 420’ ಆಯಿತು. ಇವೆರಡಕ್ಕೂ ಮೂಲವಾದ, 1993ರ ‘ಮಿಸೆಸ್ ಡೌಟ್‌ಫೈರ್’ ಚಿತ್ರದ ಮನೆ ನಾನಿರುವ ಊರಿನಲ್ಲೇ ಇದೆಯೆಂದು ಯಾವಾಗಲೋ ಫೋನಿನಲ್ಲಿ ಬಾಯಿತಪ್ಪಿ ಹೇಳಿದ್ದೆ. ಅವಳು ಮರೆತಿರಲಿಲ್ಲ.

ಕ್ರಿಸ್ಮಸ್ಸಿಗೆ ಮುಂಚಿನ ಶನಿವಾರ ಹೊರಟೆವು. ಬೆಳಗಿನಿಂದ ಸಣ್ಣ ಮಳೆ ಹಿಡಿದಿತ್ತು. ಕಾರಿನ ಡಿಕ್ಕಿಯಲ್ಲಿ ಇಪ್ಪತ್ತು ಚೀಲಗಳಿದ್ದವು. ಆಫೀಸಿನ ನಾಲ್ಕೈದು ಜನ ಸೇರಿ ಪ್ರತಿ ಡಿಸೆಂಬರಿನಲ್ಲಿ ಹಣ ಕೂಡಿಸಿ, ಬೀದಿಯಲ್ಲಿ ಮಲಗುವವರಿಗೆ ಹಂಚಲೆಂದು ಚೀಲ ತುಂಬುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆ ವರ್ಷದ ಹಂಚಿಕೆಯ ಪಾಳಿ ನನ್ನದಾಗಿತ್ತು. ಮೊದಲು ಮನೆ ನೋಡುವುದು, ಆಮೇಲೆ ಟೆಂಡರ್‌ಲಾಯ್ನ್ ಬಡಾವಣೆಗೆ ಹೋಗಿ ಚೀಲಗಳನ್ನು ಕೊಟ್ಟು ಬರುವುದು ಎಂಬುದು ನನ್ನ ಲೆಕ್ಕಾಚಾರ. ಎರಡನ್ನೂ ಒಂದೇ ಸುತ್ತಿನಲ್ಲಿ ಮುಗಿಸಿದರೆ ಪಾರ್ಕಿಂಗಿನ ತಲೆನೋವು ಕಡಿಮೆ ಎನ್ನುವುದಷ್ಟೇ ಅದರ ಹಿಂದಿದ್ದ ಜಾಣತನ.

ದಾರಿಯಲ್ಲಿ ಅಲಾಮೊ ಸ್ಕ್ವೇರ್ ಉದ್ಯಾನದ ಬಳಿ ಇಳಿದೆವು, ಏಕೆಂದರೆ ಪ್ರಸಿದ್ಧ ಮನೆ ಎಂದಾಗ ಈ ಊರಿನವರಿಗೆ ಮೊದಲು ನೆನಪಾಗುವುದು ಅಲ್ಲಿನ ‘ಪೇಂಟೆಡ್ ಲೇಡೀಸ್’ ಸಾಲು. 1892ರಿಂದ 1896ರ ನಡುವೆ ಮ್ಯಾಥ್ಯೂ ಕ್ಯಾವನಾ ಎಂಬ ಕಟ್ಟಡ ನಿರ್ಮಾಪಕ ಕಟ್ಟಿದ, ಒಂದರ ಪಕ್ಕ ಒಂದು ಭುಜಕ್ಕೆ ಭುಜ ತಾಗಿಸಿಕೊಂಡು ಇಳಿಜಾರಿನಲ್ಲಿ ನಿಂತ ಮರದ ಮನೆಗಳು ಅವು. ಅವುಗಳ ಹಿಂದೆ ನಗರದ ಗಗನಚುಂಬಿಗಳು ಕಾಣುವ ಆ ಚಿತ್ರವನ್ನು ಕ್ಯಾಲೆಂಡರುಗಳಲ್ಲಿ ನೋಡದವರು ಕಡಿಮೆ. ಅಮ್ಮ ಕೊಡೆಯ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಳು. ಆದರೆ ನನಗೆ ಆ ಜಾಗದ ಇನ್ನೊಂದು ಫೋಟೋ ಹೆಚ್ಚು ಪರಿಚಿತ. 1906ರ ಏಪ್ರಿಲ್ 18ರ ಭೂಕಂಪದ ನಂತರ ಹೊತ್ತಿಕೊಂಡ ಬೆಂಕಿ ನಗರದ ದೊಡ್ಡ ಭಾಗವನ್ನು ಸುಟ್ಟು, ಸುಮಾರು ನಾಲ್ಕು ಲಕ್ಷ ಜನರಿದ್ದ ಊರಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಬೀದಿಗೆ ತಂದಿತು. ಬೆಂಕಿ ಈ ಗುಡ್ಡದವರೆಗೆ ಬರಲಿಲ್ಲ, ಜನ ಬಂದರು. ಈಗ ಪ್ರವಾಸಿಗರು ಹುಲ್ಲಿನ ಮೇಲೆ ಕುಳಿತು ಮನೆಗಳತ್ತ ಕ್ಯಾಮೆರಾ ಹಿಡಿಯುವ ಇದೇ ಉದ್ಯಾನದಲ್ಲಿ ಅಂದು ಡೇರೆ ಹಾಕಿಕೊಂಡು, ಪೆಟ್ಟಿಗೆಗಳ ಮೇಲೆ ಕುಳಿತು, ಅಕ್ಕಸಾಲಿಗರೂ ಗುಮಾಸ್ತರೂ ಮನೆಗೆಲಸದವರೂ ಊಟದ ಸಾಲಿಗೆ ಕಾದಿದ್ದಾರೆ. ಅವರನ್ನು ಆಗ ಯಾರೂ ಸೋಮಾರಿಗಳೆಂದು ಕರೆದಿರಲಾರರು, ಅವರ ಮನೆ ಹೇಗೆ ಹೋಯಿತೆಂಬುದು ಎಲ್ಲರ ಕಣ್ಣೆದುರಿಗೇ ನಡೆದಿತ್ತಲ್ಲ.

ಅಮ್ಮ ನೋಡಬೇಕೆಂದಿದ್ದ ಮನೆ ಇರುವುದು ಪೇಂಟೆಡ್ ಲೇಡೀಸ್ ನಿಂತಿರುವ ಇದೇ ಸ್ಟೈನರ್ ರಸ್ತೆಯಲ್ಲಿ, ಉತ್ತರಕ್ಕೆ ಸುಮಾರು ಎರಡು ಕಿಲೋಮೀಟರು ದೂರದಲ್ಲಿ, ಬ್ರಾಡ್‌ವೇ ಸೇರುವ ಮೂಲೆಯಲ್ಲಿ. 1893ರಲ್ಲಿ ಕಟ್ಟಿದ ಮನೆ. ಚಿತ್ರದಿಂದ ಅದಕ್ಕೆ ಹೆಸರು ಬಂದದ್ದು ಸರಿಯಾಗಿ ನೂರು ವರ್ಷಗಳ ನಂತರ. ಅದು ಇಂದಿಗೂ ಖಾಸಗಿ ಮನೆಯೇ, ಆದ್ದರಿಂದ ಎದುರಿನ ಕಾಲುದಾರಿಯಲ್ಲಿ ನಿಂತು ನೋಡಿ ಬರಬೇಕಷ್ಟೆ. ನಾವು ಹೋದಾಗ ಅಲ್ಲಿ ಇನ್ನೂ ಎರಡು ಕುಟುಂಬಗಳು ಮಳೆಯಲ್ಲಿ ನೆನೆಯುತ್ತ ಸರದಿಗೆ ಕಾಯುತ್ತಿದ್ದವು. ಅಮ್ಮ ಬಹಳ ಹೊತ್ತು ಆ ಮೆಟ್ಟಿಲುಗಳನ್ನೇ ನೋಡಿ, “ಇಷ್ಟು ದೊಡ್ಡ ಮನೆ ಬಿಟ್ಟು ಹೋಗಬೇಕಾಯ್ತಲ್ಲ, ಪಾಪ” ಅಂದಳು. ಯಾರನ್ನು ಕುರಿತು ಹೇಳುತ್ತಿದ್ದಾಳೆಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ವೇಷದ ತಮಾಷೆಯಲ್ಲಿ ನಾವೆಲ್ಲ ಮರೆತುಬಿಡುವ ಸಂಗತಿಯೆಂದರೆ, ಆ ಕಥೆ ಆರಂಭವಾಗುವುದೇ ಕೆಲಸ ಹೋಗಿ, ಸಂಸಾರ ಮುರಿದು, ಮನೆ ಬಿಡಬೇಕಾಗಿ ಬಂದ ಒಬ್ಬ ಗಂಡಸಿನಿಂದ. ಮಕ್ಕಳು ಬೇಕಿದ್ದರೆ ಮೊದಲು ಕೆಲಸವನ್ನೂ ಇರಲು ಯೋಗ್ಯವಾದ ಮನೆಯನ್ನೂ ಹುಡುಕಿಕೋ ಎಂದು ನ್ಯಾಯಾಲಯ ಅವನಿಗೆ ಹೇಳುತ್ತದೆ.

ಆ ಪಾತ್ರ ಮಾಡಿದ ರಾಬಿನ್ ವಿಲಿಯಮ್ಸ್ ಹದಿಹರೆಯದಲ್ಲಿ ಇದೇ ಪ್ರದೇಶಕ್ಕೆ ಬಂದು ಇಲ್ಲೇ ಬಾಳಿದವರು. 2014ರ ಆಗಸ್ಟಿನಲ್ಲಿ ಅವರು ತೀರಿಕೊಂಡಾಗ ಜನ ಹೂವು, ಮೇಣದ ಬತ್ತಿ, ಚೀಟಿಗಳನ್ನು ಈ ಸಿನಿಮಾ ಮನೆಯ ಮೆಟ್ಟಿಲುಗಳ ಮೇಲೂ ತಂದಿಟ್ಟರು. ಇದು ಸುದ್ದಿಯಾದಷ್ಟು, 1986ರಲ್ಲಿ ಅವರು ಬಿಲ್ಲಿ ಕ್ರಿಸ್ಟಲ್ ಮತ್ತು ವೂಪಿ ಗೋಲ್ಡ್‌ಬರ್ಗ್ ಜೊತೆ ಸೇರಿ ನಡೆಸಿಕೊಟ್ಟ ‘ಕಾಮಿಕ್ ರಿಲೀಫ್’ ಕಾರ್ಯಕ್ರಮ ಈಗ ಜನರ ನೆನಪಿನಲ್ಲಿಲ್ಲ. ಹಾಸ್ಯಗಾರರು ಟಿವಿಯಲ್ಲಿ ಗಂಟೆಗಟ್ಟಲೆ ನಗಿಸಿ, ನೋಡುಗರಿಂದ ಹಣ ಕೇಳಿ, ಅದನ್ನು ಅಮೆರಿಕದ ಊರೂರುಗಳಲ್ಲಿ ಮನೆಯಿಲ್ಲದವರ ವೈದ್ಯಕೀಯ ಆರೈಕೆಗೆ ಕೊಟ್ಟರು. ವರ್ಷಗಳು ಕಳೆದಂತೆ ಆ ಮೊತ್ತ ಸುಮಾರು ಐದು ಕೋಟಿ ಡಾಲರಿಗೆ ಮುಟ್ಟಿತು. ನನಗೆ ಇದರಲ್ಲಿ ಇಷ್ಟವಾಗುವುದು ಮೊತ್ತವಲ್ಲ. ಆ ಮೊದಲ ಕಾರ್ಯಕ್ರಮ ನಡೆದದ್ದು ಮಾರ್ಚ್ ತಿಂಗಳಿನಲ್ಲಿ, ಕ್ರಿಸ್ಮಸ್ ಮುಗಿದು ಮೂರು ತಿಂಗಳಾದ ಮೇಲೆ. ಹಣ ಹೋದದ್ದು ಉಡುಗೊರೆಗಲ್ಲ, ಗಾಯಕ್ಕೆ ಕಟ್ಟುವ ಪಟ್ಟಿಗೆ.

ಕಾರಿಗೆ ಮರಳಿದಾಗ ಅಮ್ಮ ಡಿಕ್ಕಿಯಿಂದ ಒಂದು ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡು ಒಳಗಿನದನ್ನೆಲ್ಲ ಹೊರತೆಗೆಯತೊಡಗಿದಳು. ದಪ್ಪ ಉಣ್ಣೆಯ ಹೊದಿಕೆ, ಬೇಯಿಸಿದ ಕಾಳಿನ ಎರಡು ತಗಡಿನ ಡಬ್ಬಿ, ಓಟ್ಸ್ ಮತ್ತು ಬಾದಾಮಿಯ ಗಟ್ಟಿ ಬಿಲ್ಲೆಗಳು, ಶಾಂಪೂ, ಹಲ್ಲುಜ್ಜುವ ಬ್ರಷ್ಷು, ಒಂದು ಜೊತೆ ಕಾಲುಚೀಲ, ಆಫೀಸಿನವರ ಮಕ್ಕಳು ಬಣ್ಣ ಹಚ್ಚಿದ ಕ್ರಿಸ್ಮಸ್ ಕಾರ್ಡು. ಎಲ್ಲವನ್ನೂ ನೋಡಿ ಮತ್ತೆ ಜೋಡಿಸುತ್ತ ಕೇಳಿದಳು: “ಅಲ್ವೇ, ಇದನ್ನೆಲ್ಲ ಅವರನ್ನ ಕೇಳಿ ತಂದ್ಯೋ, ನೀನೇ ಅಂದ್ಕೊಂಡು ತಂದ್ಯೋ?”

ನಾನು ಸಿಗ್ನಲ್ ನೋಡುತ್ತಿರುವವಳಂತೆ ಸುಮ್ಮನಾದೆ. ಆರು ವರ್ಷಗಳಿಂದ ಚೀಲ ತುಂಬುತ್ತಿದ್ದೇವೆ, ಒಂದು ಸಲವೂ ಕೇಳಿರಲಿಲ್ಲ.

ಸ್ಟೈನರ್ ರಸ್ತೆಯನ್ನು ಅಡ್ಡಹಾಯುವ ಎಡ್ಡಿ ರಸ್ತೆಯನ್ನೇ ಹಿಡಿದು ಪೂರ್ವಕ್ಕೆ ಎರಡು ಕಿಲೋಮೀಟರಿನೊಳಗೆ ಹೋದರೆ ಟೆಂಡರ್‌ಲಾಯ್ನ್ ಸಿಗುತ್ತದೆ. ನಗರಸಭೆಯ ಗುಮ್ಮಟದ ಹೊಂಬಣ್ಣ ಕಾಣುವಷ್ಟು ಹತ್ತಿರದಲ್ಲಿರುವ, ಒಂದೊಂದೇ ಕೋಣೆಯ ಹಳೆಯ ಹೋಟೆಲುಗಳಿಂದ ತುಂಬಿದ ಬಡಾವಣೆ ಅದು. 1950ರ ಅಕ್ಟೋಬರ್ 4ರಂದು, ಅಂದರೆ ಈ ಊರಿಗೆ ಹೆಸರು ಕೊಟ್ಟ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ದಿನ, ಆಲ್ಫ್ರೆಡ್ ಬೋಡೆಕರ್ ಎಂಬ ಫ್ರಾನ್ಸಿಸ್ಕನ್ ಪಾದ್ರಿ ಇಲ್ಲಿ ಸೇಂಟ್ ಆಂಥೊನೀಸ್ ಎಂಬ ಉಚಿತ ಊಟದ ಮನೆ ತೆರೆದರು. ಮೊದಲ ದಿನವೇ ಸುಮಾರು ನಾನೂರು ಜನ ಉಂಡರು. ಅಂದಿನಿಂದ ಅಲ್ಲಿ ಬಿಸಿಯೂಟ ನಿಂತಿಲ್ಲ. ಎರಡು ಮೂರು ಬೀದಿ ಆಚೆ, ಎಲ್ಲಿಸ್ ರಸ್ತೆಯಲ್ಲಿ, ಗ್ಲೈಡ್ ಚರ್ಚು. 1963ರಲ್ಲಿ ಅಲ್ಲಿಗೆ ಬಂದು 2024ರಲ್ಲಿ ತೀರಿಕೊಂಡ ಪಾದ್ರಿ ಸೆಸಿಲ್ ವಿಲಿಯಮ್ಸ್ ಅದನ್ನು ಪ್ರಾರ್ಥನೆಗಿಂತ ಹೆಚ್ಚಾಗಿ ಊಟಕ್ಕೆ ಪ್ರಸಿದ್ಧವಾಗಿಸಿದರು. ಅಮೆರಿಕದ ಶ್ರೀಮಂತ ಹೂಡಿಕೆದಾರ ವಾರೆನ್ ಬಫೆಟ್ ತಮ್ಮೊಂದಿಗೆ ಊಟ ಮಾಡುವ ಅವಕಾಶವನ್ನು ಹರಾಜಿಗಿಟ್ಟು ಹಣವನ್ನು ಕೊಡುತ್ತಿದ್ದದ್ದು ಈ ಗ್ಲೈಡ್‌ಗೇ. 2022ರ ಹರಾಜಿನಲ್ಲಿ ಆ ಒಂದು ಮಧ್ಯಾಹ್ನದ ಊಟ 1 ಕೋಟಿ 90 ಲಕ್ಷ ಡಾಲರಿಗೆ ಹೋಯಿತು. ಪುಕ್ಕಟೆ ಊಟದ ಸಾಲಿಗಾಗಿ ಇಷ್ಟು ದುಬಾರಿಯ ಊಟವೊಂದು ಮಾರಾಟವಾದದ್ದು ಜಗತ್ತಿನಲ್ಲಿ ಬೇರೆಲ್ಲೂ ಇರಲಾರದು.

ಡಿಸೆಂಬರಿನ ಶನಿವಾರಗಳಲ್ಲಿ ಈ ಬೀದಿಗಳಿಗೆ ನಮ್ಮಂಥ ಕಾರುಗಳು ಒಂದರ ಹಿಂದೊಂದು ಬರುತ್ತವೆ. ಥ್ಯಾಂಕ್ಸ್‌ಗಿವಿಂಗ್ ಮತ್ತು ಕ್ರಿಸ್ಮಸ್ ದಿನಗಳಲ್ಲಿ ಊಟ ಬಡಿಸಲು ಹೆಸರು ಕೊಡುವವರು ಎಷ್ಟಿರುತ್ತಾರೆಂದರೆ ಪಾಳಿಗಳು ಬಹಳ ಮುಂಚೆಯೇ ಭರ್ತಿಯಾಗುತ್ತವೆ. ಹಬ್ಬದ ಮನಸ್ಸು ಒಂದು ಕಾರಣ. ಅಮೆರಿಕದ ಆದಾಯ ತೆರಿಗೆಯ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ಅದರೊಳಗೆ ಕೊಟ್ಟ ದಾನಕ್ಕೆ ಮಾತ್ರ ಆ ವರ್ಷದ ವಿನಾಯಿತಿ ಎನ್ನುವುದು ಅಷ್ಟು ಹೇಳಿಕೊಳ್ಳದ ಇನ್ನೊಂದು ಕಾರಣ. ನಾನೂ ರಸೀದಿ ಜೋಪಾನವಾಗಿಟ್ಟುಕೊಳ್ಳುವವಳೇ, ಬೇರೆಯವರನ್ನು ದೂರುತ್ತಿಲ್ಲ. ಆದರೆ ಇಲ್ಲಿನ ಮಳೆಗೆ ತೆರಿಗೆಯ ವರ್ಷ ಗೊತ್ತಿಲ್ಲ. ಅದು ಡಿಸೆಂಬರಿನಷ್ಟೇ ಜೋರಾಗಿ ಜನವರಿ, ಫೆಬ್ರವರಿಗಳಲ್ಲೂ ಸುರಿಯುತ್ತದೆ, ಆಗ ಈ ಬೀದಿಗಳಲ್ಲಿ ನಮ್ಮ ಕಾರುಗಳು ಕಾಣುವುದಿಲ್ಲ.

ಎಡ್ಡಿ ರಸ್ತೆಯಲ್ಲಿ ಮುಚ್ಚಿದ ಅಂಗಡಿಯೊಂದರ ಮುಂದಿನ ಮೆಟ್ಟಿಲಿನ ಮೇಲೆ ಅರವತ್ತರ ಆಸುಪಾಸಿನ ಒಬ್ಬರು ಕುಳಿತಿದ್ದರು. ನಾನು ಎಂದಿನಂತೆ ಚೀಲ ಚಾಚಿ, ಹಬ್ಬದ ಶುಭಾಶಯ ಹೇಳಿ ಮುಂದೆ ಹೋಗುವವಳಿದ್ದೆ. ಅಮ್ಮ ನಿಂತುಬಿಟ್ಟಳು. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಚೀಲವನ್ನು ಬಿಡಿಸಿ ಅವರ ಮುಂದೆ ಹಿಡಿದು, ತಲೆ ಅಲ್ಲಾಡಿಸಿ, ಬೇಕೋ ಬೇಡವೋ ಎಂದು ಕೈಯಲ್ಲೇ ಕೇಳಿದಳು. ಆತ ನಕ್ಕರು. ಮುಂದಿನ ಹಲ್ಲುಗಳು ಬಹುತೇಕ ಇರಲಿಲ್ಲ. ಗಟ್ಟಿ ಬಿಲ್ಲೆಗಳನ್ನು ಅವರು ಮೊದಲು ಪಕ್ಕಕ್ಕಿಟ್ಟದ್ದು ಏಕೆಂದು ಬಿಡಿಸಿ ಹೇಳಬೇಕಾಗಲಿಲ್ಲ. ಆಮೇಲೆ ತಗಡಿನ ಡಬ್ಬಿ ಕೈಗೆತ್ತಿಕೊಂಡು ಮೇಲೆ ಕೆಳಗೆ ತಿರುಗಿಸಿ ನೋಡಿ, ಎಳೆದು ತೆಗೆಯುವ ಬಳೆ ಇಲ್ಲದ್ದನ್ನು ಬೆರಳಿನಿಂದ ತೋರಿಸಿ, ಇದನ್ನು ತೆರೆಯಲು ಸಲಕರಣೆ ಎಲ್ಲಿದೆ ಎಂದು ಕೇಳಿದರು. ಶಾಂಪೂವನ್ನು ನೋಡಿ ಸ್ನಾನದ ಮನೆಯನ್ನೂ ತಂದಿದ್ದೀರಾ ಅಂದರು. ಅದರಲ್ಲಿ ಕೊಂಕಿರಲಿಲ್ಲ, ತಮಾಷೆಯಿತ್ತು. ನನಗೆ ಮಾತ್ರ ಮುಖ ಬಿಸಿಯಾಯಿತು.

ಹೊದಿಕೆಯ ವಿಚಾರಕ್ಕೆ ಬಂದಾಗ ಅವರು ಸ್ವಲ್ಪ ಗಂಭೀರವಾದರು. ಉಣ್ಣೆಯ ಹೊದಿಕೆ ಒಮ್ಮೆ ಮಳೆಯಲ್ಲಿ ನೆನೆದರೆ ನೀರು ಕುಡಿದು ಹೊರಲಾರದಷ್ಟು ಭಾರವಾಗುತ್ತದೆ, ಒಣಗಿಸಲು ಜಾಗವಿಲ್ಲ, ಮೂರನೆಯ ದಿನಕ್ಕೆ ಅದನ್ನು ಬೀದಿಯಲ್ಲೇ ಬಿಟ್ಟು ಹೋಗಬೇಕು, ಆಗ ಅದು ಕಸ, ನಾವು ಕಸ ಹಾಕುವವರು ಎಂದು ನಿಧಾನವಾಗಿ ವಿವರಿಸಿದರು. ಬೇಕಾದದ್ದು ಟಾರ್ಪಾಲು. ಅದೂ ನೀಲಿಯದ್ದು ಬೇಡ, ಕಂದು ಬಣ್ಣದ್ದು. ನೀಲಿ ಟಾರ್ಪಾಲು ಎರಡು ಬೀದಿ ಆಚೆಯಿಂದಲೇ ಕಾಣುತ್ತದೆ, ಕಂಡರೆ ಎಬ್ಬಿಸಲು ಬರುತ್ತಾರೆ ಅಂದರು. 2024ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಮಲಗಲು ಬೇರೆ ಜಾಗ ಇಲ್ಲದಿದ್ದರೂ ಸಾರ್ವಜನಿಕ ಸ್ಥಳದಲ್ಲಿ ಮಲಗುವವರಿಗೆ ನಗರಗಳು ದಂಡ ವಿಧಿಸಬಹುದೆಂದು ಆರು–ಮೂರರ ಬಹುಮತದಲ್ಲಿ ತೀರ್ಪಿತ್ತ ಮೇಲೆ ಈ ಊರಿನಲ್ಲಿ ಡೇರೆ ತೆಗೆಸುವ ಕೆಲಸ ಬಿರುಸಾಗಿತ್ತು. ಆ ತೀರ್ಪಿನ ಸುದ್ದಿಯನ್ನು ನಾನು ಓದಿದ್ದೆ. ಅದು ಟಾರ್ಪಾಲಿನ ಬಣ್ಣದವರೆಗೆ ಇಳಿಯುತ್ತದೆಂದು ಹೊಳೆದಿರಲಿಲ್ಲ.

ಕೊನೆಗೆ ಅವರು ಇಟ್ಟುಕೊಂಡದ್ದು ಕಾಲುಚೀಲ, ಬ್ರಷ್ಷು ಮತ್ತು ಮಕ್ಕಳ ಕಾರ್ಡು. ಕಾಲುಚೀಲವನ್ನು ಆಗಲೇ ಹಾಕಿಕೊಂಡರು. ಒದ್ದೆಯಾದದ್ದನ್ನು ಕಳಚಿದಾಗ ಕಂಡ ಪಾದ ಬಹಳ ಹೊತ್ತು ನೀರಿನಲ್ಲಿ ನೆನೆಹಾಕಿದ ಹಾಗೆ ಬಿಳಿಚಿ ಸುಕ್ಕುಗಟ್ಟಿತ್ತು, ಬೆರಳ ಸಂದಿಗಳು ಬಿರುಕು ಬಿಟ್ಟಿದ್ದವು. ಅಮ್ಮ ತಿರುಗಿ ನನ್ನ ಕಡೆ ನೋಡಿ, ಉಳಿದ ಹತ್ತೊಂಬತ್ತು ಚೀಲಗಳಿಂದ ಇನ್ನೂ ಎರಡು ಜೊತೆ ತೆಗೆದು ಕೊಡೆಂದಳು. ಬೇರೆಯವರ ಪಾಲು ಕಡಿಮೆಯಾಗುತ್ತದಲ್ಲ ಎಂದು ನಾನು ಗೊಣಗಿದ್ದಕ್ಕೆ, “ಹಂಚೋದು ಅಂದ್ರೆ ಎಲ್ಲರಿಗೂ ಒಂದೇ ಅಳತೇನಾ?” ಎಂದು ಗದರಿದಳು.

ಆ ಸಂಜೆಯಿಡೀ ನಾವು ಕೇಳುತ್ತ ಹೋದೆವು. ಬಸ್ಸಿನ ದುಡ್ಡು, ಫೋನಿಗೆ ಚಾರ್ಜು, ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕಲು ಕಾಲು ಡಾಲರಿನ ನಾಣ್ಯಗಳು, ನಾಯಿಗೆ ಆಹಾರ. ಒಬ್ಬ ಹೆಂಗಸು ಓದುವ ಕನ್ನಡಕ ಕೇಳಿದಳು. ಹತ್ತಕ್ಕೆ ಆರು ಜನ, ಸುತ್ತಿ ಬಳಸಿ ಆದರೂ, ಕೇಳಿದ್ದು ನಗದು.

ನಗದಿನ ವಿಷಯದಲ್ಲಿ ನನಗೆ ಬಹಳ ಕಾಲ ಹಿಂಜರಿಕೆಯಿತ್ತು, ಈ ಊರಿಗೂ ಇದೆ. 2002ರಲ್ಲಿ, ಆಗಿನ್ನೂ ನಗರದ ಮೇಲ್ವಿಚಾರಕ ಮಂಡಳಿಯಲ್ಲಿದ್ದ, ಮುಂದೆ ಇಲ್ಲಿನ ಮೇಯರ್ ಆದ ಗ್ಯಾವಿನ್ ನ್ಯೂಸಮ್ ‘ಕೇರ್ ನಾಟ್ ಕ್ಯಾಶ್’ ಎಂಬ ಹೆಸರಿನಲ್ಲೇ ಒಂದು ಪ್ರಸ್ತಾವ ತಂದು, ಮನೆಯಿಲ್ಲದವರಿಗೆ ಸಿಗುತ್ತಿದ್ದ ಮಾಸಿಕ ಸಹಾಯಧನವನ್ನು 59 ಡಾಲರಿಗೆ ಇಳಿಸಿ ಉಳಿದದ್ದನ್ನು ವಸತಿ ಮತ್ತು ಸೇವೆಗಳಿಗೆ ತಿರುಗಿಸುವಂತೆ ಮತದಾರರಿಂದ ಒಪ್ಪಿಗೆ ಪಡೆದರು. ಕೈಗೆ ದುಡ್ಡು ಕೊಟ್ಟರೆ ಅದು ಕುಡಿತಕ್ಕೋ ಮಾದಕವಸ್ತುವಿಗೋ ಹೋಗುತ್ತದೆಂಬುದು ಅದರ ಹಿಂದಿನ ವಾದ; ಟೆಂಡರ್‌ಲಾಯ್ನಿನ ಬೀದಿಯಲ್ಲಿ ನಡೆದವರು ಅದನ್ನು ಪೂರ್ತಿ ಸುಳ್ಳೆನ್ನಲಾರರು. ಆದರೆ ಕೆನಡಾದ ವ್ಯಾಂಕೂವರಿನಲ್ಲಿ, ತೀವ್ರ ವ್ಯಸನವಿಲ್ಲದವರನ್ನು ಆರಿಸಿ, ಮನೆಯಿಲ್ಲದ ಐವತ್ತು ಜನರಿಗೆ ಯಾವ ಷರತ್ತೂ ಇಲ್ಲದೆ ತಲಾ 7,500 ಕೆನಡಿಯನ್ ಡಾಲರ್ ಕೊಟ್ಟು ಒಂದು ವರ್ಷ ಗಮನಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಹಣ ಸಿಗದವರಿಗೆ ಹೋಲಿಸಿದರೆ ಅವರು ಮನೆಯಿಲ್ಲದೆ ಕಳೆದ ದಿನಗಳು 99ರಷ್ಟು ಕಡಿಮೆಯಿದ್ದವು, ಕುಡಿತದ ಖರ್ಚು ಏರಿರಲಿಲ್ಲ. ಇವೆರಡನ್ನೂ ಮುಂದಿಟ್ಟುಕೊಂಡು ಯೋಚಿಸಿದ ಮೇಲೆ, ನಾನು ಈಗ ಐದು ಡಾಲರಿನ ನೋಟುಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತೇನೆ. ಅದರಲ್ಲಿ ಏನು ಕೊಳ್ಳುತ್ತಾರೆಂದು ಕೇಳುವುದಿಲ್ಲ. ಆಫೀಸಿನಲ್ಲಿ ಬೋನಸ್ ಕೊಟ್ಟಾಗ ನನ್ನನ್ನು ಯಾರೂ ಕೇಳಿರಲಿಲ್ಲ.

ಅಮ್ಮ ಹೊರಡುವ ಹಿಂದಿನ ವಾರ ಅವಳನ್ನು, ಹಿಂದೆ ಸೈನ್ಯದ ನೆಲೆಯಾಗಿದ್ದು ಈಗ ಉದ್ಯಾನವಾಗಿರುವ ಪ್ರೆಸಿಡಿಯೋಗೆ ಕರೆದುಕೊಂಡು ಹೋದೆ. ಅಲ್ಲಿ 1906ರ ಎರಡು ಪುಟ್ಟ ಮರದ ಮನೆಗಳನ್ನು ಉಳಿಸಿದ್ದಾರೆ. ಮಳೆಗಾಲ ಹತ್ತಿರವಾಗುತ್ತಿದ್ದಂತೆ ಡೇರೆಗಳು ಸಾಲವೆಂದು ತಿಳಿದು, ಅಂದಿನ ಪರಿಹಾರ ಸಮಿತಿ ಉದ್ಯಾನಗಳಲ್ಲಿ ಇಂಥ 5,610 ಮನೆಗಳನ್ನು ಕಟ್ಟಿಸಿತು. ಗೋಡೆಗೆ ರೆಡ್‌ವುಡ್ ಹಲಗೆ, ನೆಲಕ್ಕೆ ಫರ್ ಮರ, ಹೊರಗೆ ಉದ್ಯಾನದ ಬೆಂಚುಗಳ ಹಸಿರು ಬಣ್ಣ. ತಿಂಗಳಿಗೆ ಎರಡು ಡಾಲರ್ ಬಾಡಿಗೆ. ಅದನ್ನು ಮನೆಯ ಐವತ್ತು ಡಾಲರಿನ ಬೆಲೆಯಲ್ಲಿ ಮುರಿದುಕೊಳ್ಳುತ್ತಿದ್ದರು, ತೀರಿದ ಮೇಲೆ ಮನೆ ಅವರದ್ದೇ. ಶಿಬಿರ ಮುಚ್ಚುವಾಗ ಜನ ಮನೆಯನ್ನೇ ಗಾಡಿಗೇರಿಸಿ ಕುದುರೆ ಕಟ್ಟಿ ತಮ್ಮ ತಮ್ಮ ನಿವೇಶನಕ್ಕೆ ಎಳೆದೊಯ್ದರು. ಎರಡು ಮೂರನ್ನು ಜೋಡಿಸಿ ದೊಡ್ಡದು ಮಾಡಿಕೊಂಡವರೂ ಇದ್ದರು. ಅಂಥ ಕೆಲವು ಇಂದಿಗೂ ಊರಿನಲ್ಲಿ ವಾಸದ ಮನೆಗಳಾಗಿವೆ. ಕ್ಯಾಲೆಂಡರಿನ ಮನೆಗಳನ್ನು ನೋಡಲು ಬಂದವರಿಗೆ ಇವುಗಳ ಸುಳಿವೇ ಸಿಗುವುದಿಲ್ಲ, ನಾವು ಹೋದಾಗಲೂ ಅಲ್ಲಿ ಬೇರಾರೂ ಇರಲಿಲ್ಲ.

ಅಮ್ಮ ಹೊರಗೋಡೆಯ ಉದ್ದಕ್ಕೆ ಹೆಜ್ಜೆ ಹಾಕಿ ಅಳೆದಳು. ಈಗ ಎಷ್ಟು ಜನರಿಗೆ ಮನೆಯಿಲ್ಲ ಎಂದು ಕೇಳಿದಳು. 2024ರ ಜನವರಿಯ ಒಂದು ರಾತ್ರಿ ಎಣಿಸಿದಾಗ 8,323 ಜನ, ಅವರಲ್ಲಿ ಅರ್ಧದಷ್ಟು ಮಂದಿ ಶೆಲ್ಟರುಗಳಲ್ಲೂ ಇಲ್ಲದೆ ಹೊರಗೇ ಇದ್ದವರು ಅಂದೆ. ಅವಳು ಮನಸ್ಸಿನಲ್ಲೇ ಏನೋ ಗುಣಿಸುತ್ತಿದ್ದಳು. ಒಂದು ಮನೆಗೆ ಇಬ್ಬರಂತೆ ಹಾಕಿದರೂ ಆಗ ಕಟ್ಟಿದ್ದು ಸಾಕಾಗಿ ಮಿಗುತ್ತಿತ್ತಲ್ಲ ಅಂದಳು. ಹೌದು, ಲೆಕ್ಕ ಸರಿಯಿತ್ತು. ಭೂಮಿಯ ಬೆಲೆ, ಕಟ್ಟಡದ ನಿಯಮ, ನೆರೆಹೊರೆಯವರ ತಕರಾರು ಎಂದು ನಾನು ವಿವರಿಸಲು ತೊಡಗಿದೆ. ದೊಡ್ಡ ಕಂಪನಿಗಳ ಮೇಲೆ ತೆರಿಗೆ ಹಾಕಿ ಆ ಹಣವನ್ನು ಇದಕ್ಕೇ ಮೀಸಲಿಡಲು 2018ರಲ್ಲಿ ಮತದಾರರು ಒಪ್ಪಿದ್ದನ್ನೂ ಹೇಳಿದೆ. ಅವಳು ಅಷ್ಟರಲ್ಲಿ ಕಿಟಕಿಯ ಗಾಜಿಗೆ ಅಂಗೈ ಅಡ್ಡ ಹಿಡಿದು ಒಳಗೆ ಇಣುಕುತ್ತಿದ್ದಳು.

ಈ ವರ್ಷ ಆಫೀಸಿನವರಿಗೆ ಹೇಳಿ ಹಂಚಿಕೆಯನ್ನು ಫೆಬ್ರವರಿಯ ಎರಡನೆಯ ಶನಿವಾರಕ್ಕೂ ಇಟ್ಟೆವು. ಐವರಲ್ಲಿ ಇಬ್ಬರು ಬಂದೆವು. ಹಿಂದಿನ ರಾತ್ರಿ ಅಮ್ಮ ಮೈಸೂರಿನಿಂದ ಫೋನ್ ಮಾಡಿ, ಟಾರ್ಪಾಲು ಸಿಕ್ಕಿತೇ ಎಂದು ಕೇಳಿದಳು. ಕಂದು ಬಣ್ಣದ್ದು ಎರಡೇ ಇತ್ತು, ಉಳಿದದ್ದು ಕಡುಹಸಿರು ತಂದಿದ್ದೇನೆ ಅಂದೆ. ಕಂದು ಎರಡರಲ್ಲಿ ಒಂದನ್ನು ಆ ಮೆಟ್ಟಿಲಿನವರಿಗೆ ತೆಗೆದಿಡು ಅಂದಳು. ತೆಗೆದಿಟ್ಟಿದ್ದೆ. ಮೆಟ್ಟಿಲಿನ ಮೇಲೆ ಅವರಿರಲಿಲ್ಲ, ಅಂಗಡಿಯ ಮುಂದೆ ಕಬ್ಬಿಣದ ಜಾಲರಿ ಬಂದಿತ್ತು. ಎಡ್ಡಿ ರಸ್ತೆಯ ಎರಡೂ ಬದಿ ನಡೆದು ನೋಡಿ, ಸಿಕ್ಕವರನ್ನು ಕೇಳಿ, ಆ ಟಾರ್ಪಾಲನ್ನು ಮತ್ತೆ ಡಿಕ್ಕಿಯಲ್ಲೇ ಇಟ್ಟುಕೊಂಡೆ. ಈಗಲೂ ಅಲ್ಲೇ ಇದೆ, ಜೊತೆಗೆ ಮೂರು ಜೊತೆ ಕಾಲುಚೀಲ.